ಅಮಾವಾಸ್ಯೆ ಮತ್ತು ಏರ್ ಫಿಲ್ಟರ್

ವಾಡಿಯಲ್ಲಿ ಗಾಡಿ ಇಟ್ಟುಕೊಂಡವರು ಧೂಳನ್ನು ಬೈದು ಪ್ರಯೋಜನವಿಲ್ಲ. ಒಂದು ಕಡೆ ಸಿಮೆಂಟು, ಇನ್ನೊಂದು ಕಡೆ ಶಹಾಬಾದಿನ ಫರಸಿ ಕಲ್ಲು ಕೊಯ್ದ ಪುಡಿ, ನಡುವೆ ನಾವು. ನಾನು ಈ ಧೂಳಿನಲ್ಲೇ ವ್ಯಾನ್ ಓಡಿಸಿ ಹೊಟ್ಟೆ ಹೊರೆಯುವವಳು. ನಾಲವಾರದ ಕಡೆಯ ಹಳ್ಳಿಗಳಿಂದ ಕಾಲೇಜು ಹುಡುಗಿಯರನ್ನು ಹತ್ತಿಸಿಕೊಂಡು ಚಿತ್ತಾಪುರಕ್ಕೆ ಬಿಡುತ್ತೇನೆ, ಸಂಜೆ ಮತ್ತೆ ಅವರವರ ಮನೆ ಮುಟ್ಟಿಸುತ್ತೇನೆ. ಹೆಂಗಸು ಓಡಿಸುವ ಗಾಡಿ ಎಂಬ ಒಂದೇ ಕಾರಣಕ್ಕೆ ಅವರಪ್ಪಂದಿರು ಕಾಲೇಜಿಗೆ ಹೂಂ ಅಂದದ್ದು. ಗಾಡಿ ನಿಂತರೆ ಆ ಹುಡುಗಿಯರ ಓದೂ ನಿಂತ ಹಾಗೆಯೇ.

ಆ ವರ್ಷ ಗಾಡಿ ನಿಲ್ಲಲು ಶುರುವಾಯಿತು. ಸಪಾಟು ರಸ್ತೆಯಲ್ಲಿ ಚೆನ್ನಾಗಿಯೇ ಓಡುವುದು, ಏರು ಬಂತೆಂದರೆ ಉಬ್ಬಸ ಹತ್ತಿದವರ ಹಾಗೆ ಏದುಸಿರು ಬಿಡುವುದು. ಹಿಂದೆ ಕರಿ ಹೊಗೆ. ಪಿಕಪ್ಪೇ ಇಲ್ಲ. ಶಹಾಬಾದಿನ ಮಿಸ್ತ್ರಿ ಬಾನೆಟ್ ಎತ್ತಿ, ಏರ್ ಫಿಲ್ಟರಿನ ಡಬ್ಬಿ ದಾಟಿದ ಕೂಡಲೇ ಸಿಗುವ ಕೊಳವೆಯಿಂದ ಒಂದು ಪುಟ್ಟ ಸೆನ್ಸರ್ ಬಿಚ್ಚಿ ತೋರಿಸಿದ. ಎಂಜಿನ್ನಿಗೆ ಎಷ್ಟು ಗಾಳಿ ಹೋಗುತ್ತಿದೆ ಎಂದು ಅಳೆಯುವುದು ಅದರ ಕೆಲಸವಂತೆ. ಒಳಗೆ ಕೂದಲಿನಂಥ ತಂತಿ. ಅದರ ಮೇಲೆ ಕೊಳೆ ಕೂತರೆ ಅದು ತಪ್ಪು ಲೆಕ್ಕ ಕೊಡುತ್ತದೆ, ಎಂಜಿನ್ನು ಅದನ್ನೇ ನಂಬಿ ಕೆಡುತ್ತದೆ. ಮಿಸ್ತ್ರಿ ಸ್ಪ್ರೇ ಹೊಡೆದು, ಒಣಗಿಸಿ, ಕೂಡಿಸಿದ. ಗಾಡಿ ಹಾರಿಕೊಂಡು ಹೋಯಿತು.

ಕೆಲವು ವಾರ ಕಳೆದವು, ಮತ್ತೆ ಅದೇ ಕತೆ. ತೊಳೆಸಿದೆ. ಮತ್ತೆ ಬಂತು.

ಹುಡುಗಿಯೊಬ್ಬಳ ತಾಯಿಗೆ ಇದರಲ್ಲೊಂದು ಲೆಕ್ಕ ಕಂಡಿತು. "ನೋಡವ್ವಾ, ಅಮಾಸಿ ಆತಂದ್ರ ನಿನ್ನ ಗಾಡಿಗಿ ಏನರ ಆಗೇ ಆಗ್ತದ," ಎಂದಳು. ನಾನು ನಕ್ಕುಬಿಟ್ಟೆ. ಮನೆಗೆ ಬಂದು ಕ್ಯಾಲೆಂಡರ್ ನೋಡಿದರೆ ಅವಳು ಹೇಳಿದ್ದು ಸುಳ್ಳಲ್ಲ. ಅಷ್ಟು ಹೊತ್ತಿಗೆ ಮಾತು ಊರೂರು ತಿರುಗಿತ್ತು. ಆ ಸಲ ಪರೀಕ್ಷೆ ಶುರುವಾಗುವುದು ಅಮಾವಾಸ್ಯೆಯ ಮರುದಿನವೇ. ಪರೀಕ್ಷೆಯ ಹೊತ್ತಿಗೆ ಚಿತ್ತಾಪುರ ಮುಟ್ಟಿಸುವ ಬಸ್ಸಿಲ್ಲ. ಒಬ್ಬ ಹುಡುಗಿಯ ಅಪ್ಪ ನೇರವಾಗಿಯೇ ಹೇಳಿದ: "ಆ ದಿನ ನಾ ಕಳಸಂಗಿಲ್ರೀ. ನಡುದಾರ್ಯಾಗ ಹೆಣ್ಣ ಹುಡುಗ್ಯಾರ್ನ ನಿಂದ್ರಿಸಿಕೊಂಡು ಏನ್ ಮಾಡ್ತೀರಿ? ಪರೀಕ್ಷಾ ಮುಂದಿನ ವರ್ಷ ಬರೀಲಿ."

ಉಳಿದವರೂ ಅದೇ ರಾಗ ಎತ್ತಿದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಒಂದು ವರ್ಷ ಮನೆಯಲ್ಲಿ ಕೂತ ಹುಡುಗಿ ಮತ್ತೆ ಕಾಲೇಜಿನ ಮೆಟ್ಟಿಲು ಹತ್ತುವುದನ್ನು ನಾನಂತೂ ಕಂಡಿಲ್ಲ. ಅಮಾವಾಸ್ಯೆಗೂ ನನ್ನ ಎಂಜಿನ್ನಿಗೂ ಏನು ಹಗೆಯೋ ನೋಡಿಯೇ ಬಿಡುತ್ತೇನೆ ಎಂದು ಹಟ ಹಿಡಿದೆ. ಮಿಸ್ತ್ರಿಯ ಹತ್ತಿರ ನಿಂತು ಸೆನ್ಸರ್ ಬಿಚ್ಚುವುದು, ತಂತಿಗೆ ಬೆರಳು ತಾಗಿಸದೆ ತೊಳೆಯುವುದು ಕಲಿತೆ. ಅವನಿಗೂ ಒಂದು ಒಗಟು ಉಳಿದಿತ್ತು. "ಅಕ್ಕೋರ್ರಿ, ಇದು ಬರೇ ಧೂಳಲ್ಲ. ಧೂಳಿಗಿ ಎಣ್ಣಿ ಕೂಡ್ಯಾದ. ಆ ಎಣ್ಣಿ ಎಲ್ಲಿಂದ ಬರ್ಲಿಕತ್ತದ, ಅದೇ ತಿಳಿವಲ್ದು."

ಅಮಾವಾಸ್ಯೆಯ ದಿನ ಗಾಡಿ ನನ್ನದಲ್ಲ, ಅಪ್ಪನದು. ಅಪ್ಪ ಸೇಡಂ–ಚಿಂಚೋಳಿ ದಾರಿಯಲ್ಲಿ ಹಳೆಯ ಜೀಪು ಓಡಿಸಿ ಕೂದಲು ಬೆಳ್ಳಗೆ ಮಾಡಿಕೊಂಡವನು. ಈ ಕಡೆಯ ಡ್ರೈವರುಗಳೆಲ್ಲ ಈಗಲೂ ಅವನನ್ನು ಉಸ್ತಾದ ಎಂದೇ ಕರೆಯುತ್ತಾರೆ. ಕಣ್ಣು ಮಂಜಾಗಿ ಆ ವರ್ಷ ಸ್ಟೇರಿಂಗು ಬಿಟ್ಟ ಮೇಲೆ ನನ್ನ ಜೊತೆಗಿದ್ದಾನೆ. ಅಮಾವಾಸ್ಯೆ ಬಂದರೆ ಗಾಡಿ ತೊಳೆದು, ವಿಭೂತಿ ಹಚ್ಚಿ, ಗಾಲಿಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆಯುವವನು ಅವನೇ. ನಾನು ಆಗ ಒಳಗೆ ಹೋಳಿಗೆ ಮಾಡುತ್ತಿರುತ್ತೇನೆ. ಆ ಸಲ ಒಲೆ ಹೊತ್ತಿಸಲಿಲ್ಲ. ಗಾಡಿಗೆ ಏನೇನಾಗುತ್ತದೆ ಎಂದು ನೋಡುತ್ತ ಹೊಸ್ತಿಲಲ್ಲಿ ಕೂತೆ.

ಅಪ್ಪ ಬಾನೆಟ್ ಎತ್ತಿದ. ಫಿಲ್ಟರಿನ ಡಬ್ಬಿ ಬಿಚ್ಚಿ ಕಾಗದದ ಫಿಲ್ಟರನ್ನು ಹೊರಗೆ ತೆಗೆದ. ಬಾಟಲಿಯಿಂದ ಅಂಗೈಗೆ ಎಂಜಿನ್ ಎಣ್ಣೆ ಸುರುವಿಕೊಂಡು, ಕೂಸಿನ ನೆತ್ತಿಗೆ ಹಚ್ಚುವ ಹಾಗೆ ಮೆಲ್ಲಗೆ ಅದರ ಮಡಿಕೆ ಮಡಿಕೆಗೂ ತಿಕ್ಕತೊಡಗಿದ.

"ಅಪ್ಪಾ! ಏನ್ ಮಾಡ್ಲಿಕತ್ತೀ?"

"ಕಾಣಂಗಿಲ್ಲೇನು? ನೀನಂತೂ ಹಚ್ಚಂಗಿಲ್ಲ. ಎಣ್ಣಿ ಇಲ್ದ ಧೂಳ ಹ್ಯಾಂಗ ಹಿಡೀತದ?"

ಅವನ ಜೀಪಿಗೆ ಅದು ಸರಿಯಾಗಿತ್ತು. ಅದರ ಫಿಲ್ಟರಿನ ತಳದಲ್ಲಿ ಎಣ್ಣೆ ತುಂಬಿದ ಬಟ್ಟಲಿರುತ್ತಿತ್ತು, ಗಾಳಿ ಅದನ್ನು ಸವರಿಕೊಂಡು ಹೋಗುವಾಗ ಧೂಳು ಅಲ್ಲೇ ಉಳಿಯುತ್ತಿತ್ತು. ನನ್ನ ವ್ಯಾನಿನದು ಒಣ ಕಾಗದ. ಎಣ್ಣೆ ಅದನ್ನು ದಾಟಿ ಗಾಳಿಯ ಜೊತೆ ಹೋಗಿ ಆ ತಂತಿಗೆ ಮೆತ್ತಿಕೊಳ್ಳುತ್ತಿತ್ತು, ಅದರ ಮೇಲೆ ನಮ್ಮೂರಿನ ಸಿಮೆಂಟು ಕೂರುತ್ತಿತ್ತು.

ಸಿಟ್ಟು ನೆತ್ತಿಗೇರಿತು, ಅದರ ಜೊತೆಯಲ್ಲೇ ಅಪ್ಪನ ಮೇಲೆ ಮರುಕವೂ ಬಂತು. ಸುಮ್ಮನಿದ್ದುಬಿಡಬಹುದಿತ್ತು. ಅವನು ಮಲಗಿದ ಮೇಲೆ ಬೇರೆ ಫಿಲ್ಟರ್ ಹಾಕಿದರೆ ಆಯಿತು, ಅವನ ಮನಸ್ಸೂ ಉಳಿಯುತ್ತದೆ. ಆದರೆ ಹೆತ್ತಪ್ಪನಿಗೆ ತಿಂಗಳು ತಿಂಗಳು ಕಳ್ಳಾಟ ಆಡುವುದು ನನ್ನಿಂದ ಆಗುವ ಮಾತಲ್ಲ. ಸೆನ್ಸರ್ ಬಿಚ್ಚಿ ಪಕ್ಕಕ್ಕಿಟ್ಟೆ. ಅಪ್ಪನ ಬೆರಳು ಹಿಡಿದು ಕೊಳವೆಯ ಒಳಗೋಡೆಗೆ ಸವರಿಸಿದೆ. ಕರಿ ಅಂಟು ಬಂತು. ಏರಿನಲ್ಲಿ ಗಾಡಿ ಯಾಕೆ ನಿಲ್ಲುತ್ತದೆ ಎಂದು ಒಂದೂ ಬಿಡದೆ ಹೇಳಿದೆ.

ಅಪ್ಪ ಬೆರಳುಗಳನ್ನು ಒಂದಕ್ಕೊಂದು ಉಜ್ಜಿದ, ಮೂಗಿಗೆ ಹಿಡಿದ. "ನಂದೇ ಎಣ್ಣಿ," ಎಂದ. ಕಾಯಿ ಒಡೆಯದೆ ಒಳಗೆ ಹೋದ. ಊಟಕ್ಕೆ ಕರೆದರೆ ಏಳಲಿಲ್ಲ.

ನಾನು ಕೊಳವೆ ಒರೆಸಿ, ಸೆನ್ಸರ್ ತೊಳೆದು ಪೂರ್ತಿ ಆರುವ ತನಕ ಕಾದು, ಹೊಸ ಫಿಲ್ಟರನ್ನು ಒಣದಾಗಿಯೇ ಕೂಡಿಸಿದೆ. ಏರು ಹತ್ತಿಸಿ ನೋಡಿದೆ. ಹೊಗೆಯಿಲ್ಲ, ಉಬ್ಬಸವಿಲ್ಲ. ಮೊದಲು ಕಳಿಸುವುದಿಲ್ಲ ಎಂದಿದ್ದ ಆ ಹುಡುಗಿಯ ಅಪ್ಪನಿಗೆ ಫೋನ್ ಮಾಡಿದರೆ, "ಫಿಲ್ಟರ್ ಗಿಲ್ಟರ್ ನಮಗ ತಿಳಿಯಂಗಿಲ್ಲ. ನಾಳಿ ಬ್ಯಾಡಂದ್ರ ಬ್ಯಾಡ," ಎಂದು ಇಟ್ಟುಬಿಟ್ಟ. ಬರುವುದಂತೂ ಬರುತ್ತೇನೆ, ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುತ್ತೇನೆ ಎಂದು ನಾನೂ ಗಟ್ಟಿ ಮಾಡಿಕೊಂಡೆ.

ಬೆಳಿಗ್ಗೆ ನೋಡಿದರೆ ಅಪ್ಪ ಒಗೆದ ಧೋತರ ಉಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದ. "ನಡಿ," ಅಂದ. ನಾನು ಗಾಡಿ ಶುರು ಮಾಡಿದೆ.

ಮೊದಲು ಅವರ ಮನೆ ಮುಂದೆಯೇ ಹಾರ್ನ್ ಹೊಡೆದೆ. ಹುಡುಗಿ ಹಾಲ್ ಟಿಕೆಟ್ ಹಿಡಿದು ಒಳಗೇ ನಿಂತಿದ್ದಳು, ಅವರಪ್ಪ ಬಾಗಿಲಿಗೆ ಅಡ್ಡ. ನಾನು ಜಗಳಕ್ಕೆ ಸೆರಗು ಸಿಕ್ಕಿಸಿಕೊಳ್ಳುವಷ್ಟರಲ್ಲಿ ಅಪ್ಪ ಕಾಲಿನಿಂದಲೇ ಗಾಡಿಯ ಮೆಟ್ಟಿಲು ಹುಡುಕಿಕೊಂಡು ಕೆಳಗಿಳಿದ. ಓಣಿಯವರೆಲ್ಲ ನೋಡುತ್ತಿದ್ದರು.

"ತಮ್ಮಾ, ಗಾಡಿ ನಿಂತದ್ದು ಅಮಾಸಿಲಿಂದ ಅಲ್ಲ, ನನ್ನ ಕೈಲಿಂದ. ಹಚ್ಚಬಾರದ ಜಾಗಕ್ಕ ಎಣ್ಣಿ ಹಚ್ಚೀನಿ. ನನ್ನ ಮಗಳು ಸಜ್ಜ ಮಾಡ್ಯಾಳ. ನನ್ನ ತಪ್ಪಿಗಿ ಕೂಸಿನ ಪರೀಕ್ಷಾ ಕೆಡಸಬ್ಯಾಡ."

ಅಪ್ಪ ತಪ್ಪಾಯಿತು ಎಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವ್ವ ಸಾಯುವ ತನಕ ಅವಳೂ ಕೇಳಲಿಲ್ಲ. ಆ ಮನುಷ್ಯ ಗಲಿಬಿಲಿಗೊಂಡು, "ಹಂಗ್ಯಾಕ ಅಂತೀರಿ ಉಸ್ತಾದ್ರೇ," ಎನ್ನುತ್ತ ಬಾಗಿಲು ಬಿಟ್ಟು ಸರಿದ. ಹುಡುಗಿ ಓಡಿಬಂದು ಹತ್ತಿದಳು.

ಮುಂದಿನ ಮನೆ ಬಂದಾಗ ಅಪ್ಪ ಮತ್ತೆ ಇಳಿಯಲು ಹೊರಟ. ನನಗೆ ತಡೆಯಲಾಗಲಿಲ್ಲ. "ಸಾಕಪ್ಪಾ. ಇನ್ನ ನಾ ಹೇಳ್ತೀನಿ," ಎಂದೆ.

"ನೀ ಹೇಳಿದ್ರ ಬಾಡಿಗಿ ಸಲುವಾಗಿ ಹೇಳ್ತಾಳಂತಾರ. ಉಸ್ತಾದ ಹೇಳಿದ್ರ ನಂಬ್ತಾರ."

ನಾನು ಎಂಜಿನ್ ಬಂದ್ ಮಾಡದೆ ಕೂತೆ. ಅಪ್ಪ ಗೋಡೆ ಹಿಡಿದುಕೊಂಡು ಆ ಬಾಗಿಲಿಗೆ ನಡೆದ.