ಮೊಟ್ಟೆಗೆ ಕಿಟಕಿ ಕೊರೆಯುವಾಕೆ

ಬೆಳಕು ಹರಿಯುವ ಹೊತ್ತು. ಪ್ರಯೋಗಾಲಯದಲ್ಲಿ ಕಾವು ಕೊಡುವ ಪೆಟ್ಟಿಗೆಯ ಗುಂಯ್‌ಗುಡುವ ಸದ್ದೊಂದೇ. ಎಲ್ಲರೂ ‘ಮೊಟ್ಟೆಯಕ್ಕ’ ಎಂದು ಕರೆಯುವ ಈಕೆ, ಅಡ್ಡ ಮಲಗಿಸಿದ್ದ ಕೋಳಿಮೊಟ್ಟೆಯೊಂದನ್ನು ಹೊರಳಿಸದೆ ಎತ್ತಿಕೊಳ್ಳುತ್ತಾರೆ. ಸಿರಿಂಜಿನಿಂದ ಚೂರು ಲೋಳೆ ಹೀರಿ ತೆಗೆದರೆ ಒಳಗಿನ ಭ್ರೂಣ ಚಿಪ್ಪು ಬಿಟ್ಟು ಕೆಳಗಿಳಿಯುತ್ತದೆ. ಆಮೇಲೆ ಸಣ್ಣ ಕತ್ತರಿಯಿಂದ ಮೇಲ್ಗಡೆ ಒಂದು ಪುಟ್ಟ ಕಿಟಕಿ.

“ಅವಸರಪಟ್ಟು ಲೋಳೆ ತೆಗೀದೇ ಕೊರೆದ್ರೆ ಕತ್ತರಿ ನೇರ ಮರಿಗೇ ತಾಗತ್ತೆ. ಮೊದಮೊದಲು ನಾನೂ ಒಂದು ಟ್ರೇ ಪೂರ್ತಿ ಹಾಳು ಮಾಡಿದ್ದೆ,” ಎಂದು ನಗುತ್ತಾರೆ.

ಈ ಕಿಟಕಿಯಲ್ಲಿ ಸಂಶೋಧಕರು ನೋಡುವುದು ಮುಖ ಮೂಡುವ ಬಗೆಯನ್ನು. ಅದು ಅಚ್ಚಿಗೆ ಹೊಯ್ದಂತೆ ಒಮ್ಮೆಲೇ ಬರುವುದಿಲ್ಲ. ತಲೆಯ ಹಿಂಬದಿಯಿಂದ ಜೀವಕೋಶಗಳು ಮುಂದಕ್ಕೆ ಸರಿದು ಬಂದು, ಹಣೆಯ ಕಡೆಯೊಂದು, ಕೆನ್ನೆಗಳ ಕಡೆ ಒಂದೊಂದು, ಹೀಗೆ ಪುಟ್ಟ ಉಬ್ಬುಗಳಾಗುತ್ತವೆ. ಅವು ಬೆಳೆದು ಕೂಡಿಕೊಂಡರೆ ಕೋಳಿಗೆ ಮೇಲ್ಕೊಕ್ಕು, ನಮಗೆ ಮೇಲ್ದುಟಿ. ಕೂಡದಿದ್ದರೆ ಸೀಳು.

ಈಕೆಯ ಮಗಳು ಹುಟ್ಟಿದ್ದು ಸೀಳುತುಟಿಯೊಂದಿಗೆ. ಏಳು ತಿಂಗಳ ಬಸುರಿಯಾಗಿದ್ದಾಗ ಈಕೆ ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದರು. ಮೆಟ್ಟಿಲು ಒರೆಸಿ ಒದ್ದೆ ಬಿಟ್ಟಿದ್ದವರು ಅತ್ತೆ. ಮಗಳ ತುಟಿಗೆ ಹೊಲಿಗೆ ಬಿದ್ದು, ಗಾಯ ಮಾಯ್ದು, ಅವಳೀಗ ಕೆಲಸಕ್ಕೂ ಹೋಗುತ್ತಾಳೆ. ಅತ್ತೆ ಮಾತ್ರ ಇವತ್ತಿಗೂ ಒರೆಸಿದ ಮೆಟ್ಟಿಲು ಒಣಗುವವರೆಗೆ ಕಾವಲು ನಿಲ್ಲುತ್ತಾರೆ. ಸೊಸೆ ಒಂದು ದಿನವೂ ದೂರಿದವರಲ್ಲ. ಆ ಮೌನವನ್ನೇ ಅತ್ತೆ ದೂರು ಅಂದುಕೊಂಡರೇನೋ ಎಂಬುದು ಈಕೆಯ ಕೊರಗು.

“ತುಟಿ ಕೂಡೋದು ಎರಡನೇ ತಿಂಗಳಲ್ಲೇ ಅಂತ ಇಲ್ಲಿಗೆ ಸೇರಿದ ಮೇಲೆ ತಿಳೀತು. ಅತ್ತೆಗೆ ಹೇಳಿದ್ರೆ, ನನ್ನ ಸಮಾಧಾನಕ್ಕೆ ಹೇಳ್ತೀಯ ಬಿಡು ಅಂತಾರೆ.”

ಅದಕ್ಕೇ ಇಂದು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಒಪ್ಪಿಗೆ ಪಡೆದು ಅತ್ತೆಯನ್ನೇ ಕರೆತಂದಿದ್ದಾರೆ. ಮಂಡಿಯನ್ನು ಬೈದುಕೊಳ್ಳುತ್ತಲೇ ಅತ್ತೆ ಸ್ಟೂಲೇರಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಡುತ್ತಾರೆ.

“ಅಯ್ಯೋ, ಬರೀ ಕಣ್ಣೇ ಇದೆಯಲ್ಲೇ ಇದಕ್ಕೆ!”

“ಕಣ್ಣಿನ ಕೆಳಗೆ ನೋಡಿ ಅತ್ತೆ. ಬಿಡಿಬಿಡಿಯಾಗಿದೆ ಅಲ್ವಾ? ಈಗ ಇದನ್ನ ನೋಡಿ, ಎರಡು ದಿನ ದೊಡ್ಡದು.”

“ಕೂಡ್ಕೊಂಡ್ಬಿಟ್ಟಿದೆ.”

“ಮೈಮೇಲೆ ಒಂದು ಪುಕ್ಕ ಬಂದಿಲ್ಲ, ಆಗಲೇ ಕೂಡಿದ್ದಾಯ್ತು. ನಮ್ಮಲ್ಲೂ ಹಾಗೇ. ನಾನು ಬೀಳೋ ಹೊತ್ತಿಗೆ ಅವಳ ತುಟಿ ಹೇಗಿರ್ಬೇಕಿತ್ತೋ ಹಾಗೆ ಆಗಿಹೋಗಿತ್ತು ಅತ್ತೆ.”

ಅತ್ತೆ ಬಹಳ ಹೊತ್ತು ಅದರಿಂದ ಕಣ್ಣು ಕೀಳುವುದಿಲ್ಲ. ಕೊನೆಗೆ ತಲೆಯೆತ್ತಿ, ಬಟ್ಟೆಗಾಗಿ ಅತ್ತಿತ್ತ ತಡಕಾಡುತ್ತಾರೆ.

“ಗಾಜೆಲ್ಲ ಒದ್ದೆ ಮಾಡಿಬಿಟ್ಟೆ ಕಣೇ.”

ಮೊಟ್ಟೆಯಕ್ಕ ಆಗಲೇ ಮುಂದಿನ ಮೊಟ್ಟೆ ಎತ್ತಿಕೊಂಡಿದ್ದಾರೆ.

“ಅದರ ಪಾಡಿಗೆ ಅದು ಒಣಗತ್ತೆ ಅತ್ತೆ. ನೀವು ಕಾಯ್ತಾ ನಿಲ್ಬೇಡಿ.”