ಕಿಟಕಿಯ ಬಳಿಯ ತಟ್ಟೆ

ನನ್ನ ಅತ್ತಿಗೆಗೆ ತಿಮಿಂಗಿಲ ಅಂದರೆ ಅಷ್ಟಕ್ಕಷ್ಟೇ. ಪ್ರವಾಸಿಗರಿಗೆ ಬೆಳಗಿನ ಹೊತ್ತು ತಿಮಿಂಗಿಲ ತೋರಿಸುವ ದೋಣಿಯಲ್ಲಿ ಹದಿನಾಲ್ಕು ವರ್ಷ ತಿಂಡಿ ಮಾಡಿದವಳು, ಜನ “ಅಗೋ, ಅಗೋ” ಎಂದು ಕೂಗುವಾಗ ಒಮ್ಮೆಯೂ ಹೊರಗೆ ಇಣುಕಿದವಳಲ್ಲ. “ಅದು ನೀರು ಉಗುಳೋದನ್ನ ನೋಡ್ತಾ ನಿಂತ್ರೆ ಇಲ್ಲಿ ಆಮ್ಲೆಟ್ ಸೀದು ಹೋಗುತ್ತೆ” ಅನ್ನುವಳು. ನಾನು ಅದೇ ದೋಣಿಯ ಎಂಜಿನ್ ನೋಡಿಕೊಳ್ಳುವವನು. ಅವಳ ಅಡುಗೆಮನೆಗೂ ನನ್ನ ಎಂಜಿನ್ ಕೋಣೆಗೂ ನಡುವೆ ಒಂದು ತೆಳು ಹಲಗೆ.

ಅಣ್ಣ, ಅಂದರೆ ಅವಳ ಗಂಡ, ಅಲ್ಲೇ ಹಗ್ಗದ ಕೆಲಸ ಮಾಡುತ್ತಿದ್ದ. ಒಂಬತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಮಂಜಿನಲ್ಲಿ ನೀರಿಗೆ ಬಿದ್ದ. ಯಾರೂ ನೋಡಲಿಲ್ಲ. ಕಪ್ತಾನ “ಹೊರಡೋಣ” ಎಂದ, ನಾನು ಹಿಂದೆಮುಂದೆ ನೋಡದೆ ಎಂಜಿನ್ ಶುರು ಮಾಡಿದೆ. ದಡ ಸೇರಿ, ಹಗ್ಗ ಎಸೆಯುವವನೇ ಇಲ್ಲದಾಗ ಗೊತ್ತಾಯಿತು. ದೇಹವೂ ಸಿಗಲಿಲ್ಲ. ಅತ್ತಿಗೆ ನನಗೆ ಒಂದು ಮಾತೂ ಅನ್ನಲಿಲ್ಲ. ಬಾಯಿಗೆ ಬಂದಂತೆ ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ.

ಅಂದಿನಿಂದ ಅವಳದೊಂದು ಕಟ್ಟಳೆ. ತಿಂಡಿಯಾದ ಮೇಲೆ ಅವಳು ತಟ್ಟೆ ಎಣಿಸಿ ಹೇಳದೆ ಎಂಜಿನ್ ಶುರುವಾಗಕೂಡದು. ಐವತ್ತು ತಟ್ಟೆಗಳಲ್ಲಿ ಎಷ್ಟು ಖರ್ಚಾದವೋ ಅಷ್ಟು ಪ್ರವಾಸಿಗರು ಒಳಗಿದ್ದಾರೆಂದು ಲೆಕ್ಕ. ಹಸಿವಿಲ್ಲ ಎಂದವರ ಕೈಗೂ ತಟ್ಟೆ ತುರುಕುವಳು. ಅದರ ಜೊತೆಗೆ ದಿನವೂ ಒಂದು ತಟ್ಟೆ ಅಣ್ಣನಿಗೆ, ಅಡುಗೆಮನೆಯ ಕಿಟಕಿಯ ಬಳಿ, ಅವನು ಕೂರುತ್ತಿದ್ದ ಜಾಗದಲ್ಲಿ. ಎಣಿಸುವಾಗ ಆ ಒಂದನ್ನು ಕಳೆದು ಹೇಳುತ್ತಿದ್ದಳು. ನಮಗೆಲ್ಲ ಅದು ಗೊತ್ತಿತ್ತು.

ಆ ದಿನ ಪ್ರವಾಸಿಗರು ಮೂವತ್ತೆಂಟು ಮಂದಿ. ಮಂಜು ಎಷ್ಟು ದಟ್ಟವೆಂದರೆ, ತಿಮಿಂಗಿಲಗಳು ಬಂದರೂ ಕಾಣಿಸಲೇ ಇಲ್ಲ. ಎಂಜಿನ್ ನಿಲ್ಲಿಸಿದಾಗ ಉಸಿರು ಮಾತ್ರ ಕೇಳಿಸಿತು. ಪಕ್ಕದ ಕೋಣೆಯಲ್ಲಿ ಯಾರೋ ಮಲಗಿ ನಿಟ್ಟುಸಿರು ಬಿಟ್ಟ ಹಾಗೆ, ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಅಂದು ಯಾರೂ ಕೂಗಲಿಲ್ಲ. ಚಳಿ ತಡೆಯದೆ ಒಳಗೆ ಬಂದು, ಬಾಗಿಲು ಹಾಕಿಕೊಂಡು, ಬ್ರೆಡ್ಡು ಮೊಟ್ಟೆ ತಿಂದು ಚಹಾ ಕುಡಿದರು.

“ಅಕ್ಕಾ, ಎಷ್ಟು?” ಮೇಲಿನಿಂದ ಕಪ್ತಾನ ಕೇಳಿದ.

“ಮೂವತ್ತೆಂಟು, ಸರಿಯಿದೆ.”

ನಾನು ಎಂಜಿನ್ ಶುರು ಮಾಡಿದೆ. ಮೂರು ನಿಮಿಷವೂ ಆಗಿರಲಿಲ್ಲ, ಹಲಗೆಯ ಮೇಲೆ ದಬದಬ ಬಡಿತ. “ನಿಲ್ಸೋ! ನಿಲ್ಸು!” ಓಡಿಹೋದರೆ ಅತ್ತಿಗೆ ಕಿಟಕಿಯ ಬಳಿಯ ತಟ್ಟೆಯ ಕಡೆ ಕೈ ತೋರಿಸಿದಳು.

“ನಿಮ್ಮಣ್ಣಂದೂ ಸೇರಿ ಮೂವತ್ತೆಂಟು ಕಣೋ. ಬೇಕಾದಷ್ಟೇ ಬಂತಲ್ಲ ಅಂತ ಕಳೀದೆ ಹೇಳ್ಬಿಟ್ಟೆ. ಒಬ್ರು ಇಲ್ಲ!”

ಬಂದ ದಿಕ್ಕಿಗೇ ದೋಣಿ ತಿರುಗಿಸಿ, ಅದೇ ಜಾಗ ಸಮೀಪಿಸಿದಾಗ ಎಂಜಿನ್ ನಿಲ್ಲಿಸಿದೆವು. ಅತ್ತಿಗೆ ಮೊದಲ ಬಾರಿ ಹೊರಗೆ ಬಂದು ಕಂಬಿ ಹಿಡಿದು ನಿಂತಳು. ಕೂಗಿದೆವು. ಮಂಜು ನಮ್ಮ ಕೂಗನ್ನು ನುಂಗಿತು. ಸುತ್ತಲೂ ಅದೇ ದೊಡ್ಡ ಉಸಿರುಗಳು. ಅವುಗಳ ನಡುವೆ, ಬಲಗಡೆಯಿಂದ, ಒಂದು ಪುಟ್ಟ ಉಸಿರು. ಗುಟುಕು ಗುಟುಕಾಗಿ, ತಡೆದು ತಡೆದು ಬರುತ್ತಿತ್ತು. ಅದು ಮನುಷ್ಯರದು.

ಒಬ್ಬಳೇ ಬಂದಿದ್ದ ಹೆಂಗಸು. ಎಲ್ಲರೂ ತಿಂಡಿಗೆ ಹೋದಾಗ ಹಿಂದೆ ಉಳಿದು, ಬಗ್ಗಿ ನೋಡುತ್ತ ಬಿದ್ದಿದ್ದಳು. ಲೈಫ್ ಜಾಕೆಟ್ ತೇಲಿಸಿತ್ತು. ಕೂಗಿ ಕೂಗಿ ದನಿ ಹೋಗಿತ್ತು, ತುಟಿ ನೀಲಿಗಟ್ಟಿತ್ತು. ಎಳೆದು ಹಾಕಿ, ಕಂಬಳಿ ಸುತ್ತಿದೆವು. “ನನ್ನ ತಪ್ಪು ತಾಯಿ, ನನ್ನ ತಪ್ಪು” ಎಂದು ಅತ್ತಿಗೆ ಅವಳ ಕಾಲು ತಿಕ್ಕಿದಳು.

ಕಪ್ತಾನ ಈ ಸಲ ತಲೆ ಮುಟ್ಟಿ ಮುಟ್ಟಿ ಎಣಿಸಿದ. ಮೂವತ್ತೆಂಟು.

ಆಗ ಎಡಗಡೆಯಿಂದ ಅದೇ ಉಸಿರು ಕೇಳಿಸಿತು. ಪುಟ್ಟದು, ಗುಟುಕು ಗುಟುಕಾಗಿ.

“ಮರಿ ತಿಮಿಂಗಿಲ ಇರ್ಬೇಕು” ಎಂದ ಕಪ್ತಾನ, ನನ್ನ ಮುಖ ನೋಡದೆ. ದೀಪ ಹಾಯಿಸಿದೆವು, ಬರೀ ಮಂಜು. ಆ ಉಸಿರು ಹತ್ತಿರ ಬರಲಿಲ್ಲ, ದೂರವೂ ಹೋಗಲಿಲ್ಲ.

“ತಡ ಮಾಡಿದ್ರೆ ಈಯಮ್ಮ ಉಳಿಯಲ್ಲ, ಹೊರಡಪ್ಪ” ಎಂದು ಕಪ್ತಾನ ಅವಸರಪಡಿಸಿದ. ನನ್ನಿಂದ ಆಗಲಿಲ್ಲ. ಎಂಜಿನ್ ಕೋಣೆಯ ಬಾಗಿಲಲ್ಲಿ ನಿಂತು ಅತ್ತಿಗೆಯ ಮುಖ ನೋಡಿದೆ.

ಅವಳಿಗೂ ಕೇಳಿಸುತ್ತಿತ್ತು. ಎಡಗಡೆಯ ಕಂಬಿಗೆ ಎದೆಯೊತ್ತಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಕಿವಿಗೊಟ್ಟಳು. ಆಮೇಲೆ ಒಳಗೆ ಹೋಗಿ ಅಣ್ಣನ ತಟ್ಟೆ ತಂದು, ಅದರಲ್ಲಿದ್ದದ್ದನ್ನು ನೀರಿಗೆ ಸುರಿದಳು. ಖಾಲಿ ತಟ್ಟೆ ಹಿಡಿದೇ ನನ್ನ ಬಳಿ ಬಂದಳು.

“ಅವತ್ತು ನೀನು ಯಾರನ್ನೂ ಕೇಳ್ಲಿಲ್ಲ. ಇವತ್ತು ನಾನು ಹೇಳ್ತಿದೀನಿ. ಶುರು ಮಾಡು.”

ನಾನು ಶುರು ಮಾಡಿದೆ.