ಅವನ ಫೋನು, ನಾನು ಹೇಳಿದ ಪಾಸ್‌ವರ್ಡ್

ಹನ್ನೊಂದು ವರ್ಷ ನನ್ನ ಹೋಟೆಲಿನ ಕಾವಲಿ ಮುಂದೆ ನಿಂತು ದೋಸೆ ಹಾಕಿದವನನ್ನು ಒಂದೇ ಮಧ್ಯಾಹ್ನದಲ್ಲಿ ಕಳೆದುಕೊಂಡೆ. ಅವನ ಫೋನಿನ ಪಾಸ್‌ವರ್ಡನ್ನು ಪೊಲೀಸರಿಗೆ ಹೇಳಿದ್ದಕ್ಕೆ. ಅವರು ಒತ್ತಾಯ ಮಾಡಿರಲೂ ಇಲ್ಲ.

ಮುಂಬೈ ಬಳಿಯ ಡೊಂಬಿವಲಿ ಸ್ಟೇಶನ್ ಹತ್ತಿರದ ನಮ್ಮ ಹೋಟೆಲಿನಲ್ಲಿ ಕೆಲಸದ ವೇಳೆ ಎಲ್ಲರ ಫೋನುಗಳೂ ಗಲ್ಲಾದ ಡ್ರಾವರಿನಲ್ಲಿರುತ್ತವೆ. ನಿಯಮ ನನ್ನದೇ. ಕುಂದಾಪುರ ಕಡೆಯ ಈ ಮನುಷ್ಯನಿಗೆ ಫೋನಿನಿಂದ ಮನೆಗೆ ಹಣ ಕಳಿಸುವುದನ್ನು ಕಲಿಸಿದವನೂ ನಾನೇ. ಹಾಗಾಗಿ ಪಾಸ್‌ವರ್ಡ್ ಗೊತ್ತಿತ್ತು.

ಹತ್ತಿರದ ದಿವಾದಲ್ಲಿ ಅವನಿದ್ದ ವಠಾರವನ್ನು, ಅಲ್ಲಿಯವರ ಮಾತಿನಲ್ಲಿ ಚಾಳನ್ನು, ಒಡೆಯುವ ನೋಟಿಸ್ ಬಂದಿತ್ತು. ‘ಎಲ್ಲರೂ ರಸ್ತೆಯಲ್ಲಿ ಕೂರೋಣ’ ಎಂಬ ಮೆಸೇಜು ಅಲ್ಲಿನವರ ವಾಟ್ಸಾಪ್ ಗುಂಪಿನಲ್ಲಿ ಓಡಾಡಿತ್ತು. ಅದನ್ನು ಮೊದಲು ಹಾಕಿದವರನ್ನು ಹುಡುಕುತ್ತ ಇಬ್ಬರು ಪೊಲೀಸರು ಊಟದ ಗಿರಾಕಿಗಳ ನಡುವೆ ಬಂದು ಅವನ ಹೆಸರು ಹೇಳಿದರು.

“ಅಣ್ಣಾ, ಜರಾ ಉಸ್ಕೋ ಬುಲಾವ್. ಫೋನ್ ದೇಖನಾ ಹೈ.”

ಅವನನ್ನು ಕರೆಯಬೇಕಿತ್ತು. ಕರೆದರೆ ಕಾವಲಿ ನಿಲ್ಲುತ್ತದೆ. ನಾಳೆ ಫುಟ್‌ಪಾತಿನ ನನ್ನ ಕುರ್ಚಿಗಳ ಬಗ್ಗೆ ಕೇಳಲು ಬರುವವರೂ ಇವರೇ ಎಂಬುದು ತಲೆಯಲ್ಲಿತ್ತು. “ಬುಲಾನೇ ಕಾ ಕ್ಯಾ, ಸಾಬ್”, ಕರೆಯುವುದೇಕೆ ಎಂದು ಡ್ರಾವರಿನಿಂದ ಅವನ ಫೋನು ತೆಗೆದೆ, ಪಾಸ್‌ವರ್ಡ್ ಹೇಳಿ ಕೈಗಿಟ್ಟೆ. ತಪಾಸಣೆಯ ಕಾಗದ ಇದೆಯೇ ಎಂದು ಕೇಳಲಿಲ್ಲ. ಚಹಾ ತರಿಸಿದೆ.

ಮೆಸೇಜು ಅವನದ್ದಾಗಿರಲಿಲ್ಲ. ಆದರೂ ಪೊಲೀಸನ ಬೆರಳು ಪರದೆಯ ಮೇಲೆ ಮುಂದೆ ಹೋಗುತ್ತಲೇ ಇತ್ತು. ಅವನ ಹೆಂಡತಿ ಆಸ್ಪತ್ರೆಯಿಂದ ಕಳಿಸಿದ್ದ ಫೋಟೋಗಳು ಬಂದವು, ಆಪರೇಷನ್ನಿನ ಗಾಯದ್ದು. ಒಬ್ಬ ಇನ್ನೊಬ್ಬನಿಗೆ ತೋರಿಸಿ ನಕ್ಕ. ನಾನೂ ಹಲ್ಲು ಕಿರಿದೆ. ತಲೆಯೆತ್ತಿದರೆ ಅವನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ.

ಅವರು ಹೋದ ಮೇಲೆ ಕೇಳಿದ: “ಪಾಸ್‌ವರ್ಡ್ ಅವ್ರ್ ಕೇಂಡ್ರಾ, ಧಣಿ?”

“ಇಲ್ಲ ಮಾರಾಯ. ನಿನ್ನ ಒಳ್ಳೇದಕ್ಕೇ ಹೇಳಿದ್ದು. ನಿನ್ನ ಹೆಸ್ರು ಕ್ಲಿಯರ್ ಆಯ್ತಲ್ಲ?”

“ಕ್ಲಿಯರ್ ಆದ್ದ್ ನಿಮ್ದ್. ನನ್ ಹೆಂಡ್ತಿ ಮೈ ಕಂಡ್ರ್ ಅವ್ರ್.”

ಸಂಬಳ ಹೆಚ್ಚಿಸುತ್ತೇನೆ ಎಂದೆ. ನನಗೆ ಬರುವುದು ಆ ಚೌಕಾಸಿಯೊಂದೇ. ಅವನು ಏಪ್ರನ್ ಬಿಚ್ಚಿಟ್ಟು ಹೋದ. ಈಗ ನೆರೂಳಿನ ಒಂದು ಹೋಟೆಲಿನಲ್ಲಿದ್ದಾನಂತೆ. ಹೋಗಿ ಮಾತಾಡಿಸಲು ನನಗೆ ಮುಖವಿಲ್ಲ.

ಪೊಲೀಸರಿಗೆ ತನಿಖೆ ಮಾಡುವ ಅಧಿಕಾರವಿದೆ, ಸರಿ. ಫೋನಿನೊಳಗಿನ ಬದುಕು ಮಾತ್ರ ಫೋನಿನವನದು. ಸಂವಿಧಾನ ಅವನಿಗೆ ಕೊಟ್ಟ ಖಾಸಗಿತನದ ಹಕ್ಕನ್ನು ನಾನು ಒಂದು ಕಪ್ ಚಹಾದ ಜೊತೆ ದಾಟಿಸಿಬಿಟ್ಟೆ. ನೀವೂ ಹೋಟೆಲೋ ಅಂಗಡಿಯೋ ನಡೆಸುವವರಾದರೆ ಕೆಲಸದವರ ಪಾಸ್‌ವರ್ಡ್ ತಿಳಿದುಕೊಳ್ಳಲೇಬೇಡಿ. ಗೊತ್ತಿದ್ದರೆ ಇವತ್ತೇ ಬದಲಾಯಿಸಲು ಹೇಳಿ. ಫೋನು ಕೇಳಿ ಬಂದವರ ಹೆಸರು, ಠಾಣೆ ಬರೆದುಕೊಳ್ಳಿ. ಮರ್ಯಾದೆಯಿಂದಲೇ ಲಿಖಿತ ನೋಟಿಸ್ ಕೇಳಿ, ಗುರುತಿನ ವಕೀಲರಿಗೆ ಫೋನ್ ಮಾಡಿ. ಅದೆಲ್ಲಕ್ಕೂ ಮೊದಲು ಫೋನಿನವನನ್ನು ಕರೆಯಿರಿ, ಗಿರಾಕಿಗಳು ಕಾದರೆ ಕಾಯಲಿ.